ಕನ್ನಡಿಯಂಥ ಡ್ಯಾಶ್‌ಬೋರ್ಡ್

ಎಂಜಿನ್ ಓಡುತ್ತಿತ್ತು, ಬ್ಯಾಟರಿ ಮಾತ್ರ ಇಳಿಯುತ್ತಲೇ ಇತ್ತು. ಬಾನೆಟ್ಟಿನ ಪಕ್ಕ ಬಾಗಿ ನಿಂತಿದ್ದ ಲಾಯ್ಡ್ ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಒತ್ತಿ ಹಿಡಿದು, "ಚಾರ್ಜೇ ಆಗ್ತಿಲ್ಲ," ಎಂದ. ಸ್ಟಿಯರಿಂಗಿನ ಹಿಂದೆ ಕೂತಿದ್ದ ಅವನ ಹೆಂಡತಿ ರೋವೆನಾಗೆ ಒಳಗೊಳಗೇ ಹಾಯೆನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಕಾರು ಸರಿಹೋದರೆ ನಾಳೆ ಬೆಳಿಗ್ಗೆ ಇಬ್ಬರೂ ಕಡಲತೀರದಲ್ಲಿ ನಡೆಯುವ, ಮಾರ್ಪಡಿಸಿದ ಹಳೇ ಕಾರುಗಳ ಹಾಟ್ ರಾಡ್ ಕೂಟಕ್ಕೆ ಹೊರಡಬೇಕು. ವಾಪಸು ಬರುವುದು ಬುಧವಾರ. ಆದರೆ ಸೋಮವಾರ ಅವಳು ಫ್ರೆಸ್ನೋದ ಆಸ್ಪತ್ರೆಯಲ್ಲಿರಬೇಕು; ಎದೆಯಲ್ಲಿ ಕಂಡ ಗಂಟಿನಿಂದ ಚೂರು ತೆಗೆದು ಪರೀಕ್ಷೆ ಮಾಡುತ್ತಾರಂತೆ. ಆಸ್ಪತ್ರೆಯಿಂದ ಫೋನು ಬಂದಾಗ ಲಾಯ್ಡ್ ಪಕ್ಕದ ಕೋಣೆಯಲ್ಲೇ ಇದ್ದ. ಯಾರದು ಎಂದು ಕೇಳಿದ್ದಕ್ಕೆ ಚರ್ಚಿನವರು ಎಂದಿದ್ದಳು. ಅಂದಿನಿಂದ ಮಾತು ಗಂಟಲವರೆಗೆ ಬರುತ್ತದೆ, ಹಿಂದಕ್ಕೆ ಹೋಗುತ್ತದೆ. ಕಾರು ಕೆಟ್ಟಿರುವಷ್ಟು ಹೊತ್ತು ಹೇಳಬೇಕಾಗಿಲ್ಲ.

ಗ್ಯಾರೇಜಿನ ಬಾಗಿಲು ತೆರೆದಿತ್ತು. ಆಚೆಗೆ ಬಾದಾಮಿ ತೋಟ ಮೈತುಂಬ ಹೂ ಬಿಟ್ಟು ನಿಂತಿತ್ತು. ಎಸಳುಗಳು ಗಾಳಿಯಲ್ಲಿ ತೇಲಿ ಬಂದು ಕಾರಿನ ಗಾಜಿನ ಮೇಲೆ ಕೂರುತ್ತಿದ್ದವು. ಎಂಜಿನ್ನಿನ ನಡುಕಕ್ಕೆ ಒಂದೊಂದಾಗಿ ಕೆಳಗೆ ಜಾರುತ್ತಿದ್ದವು. ತೋಟದ ಜೇನುಹುಳಗಳ ಸದ್ದು ಯಾವುದು, ಎಂಜಿನ್ನಿನ ಸದ್ದು ಯಾವುದು ಎಂದು ತಿಳಿಯದಂತೆ ಎಲ್ಲ ಒಂದೇ ಗುಂಯ್‌ಗುಡುವಿಕೆಯಾಗಿ, ತಾನು ಹಾಲಿನಂಥ ನೀರಿನ ತಳದಲ್ಲಿ ಕೂತಿದ್ದೇನೆ ಅನ್ನಿಸಿತು ಅವಳಿಗೆ. ಈ ಶನಿವಾರ ಮುಗಿಯದೆ ಹೀಗೇ ನಿಂತುಬಿಟ್ಟರೆ?

"ನಿದ್ದೆ ಹೋದೆಯೇನೇ? ಆಕ್ಸಿಲರೇಟರ್ ಒತ್ತು. ಜೋರಾಗಿ."

ಒತ್ತಿದಳು. ಕಾರು ಗ್ಯಾರೇಜು ನಡುಗುವಂತೆ ಗರ್ಜಿಸಿತು. ಮೀಟರು ಹದಿನಾಲ್ಕು ವೋಲ್ಟಿಗೆ ಹಾರಿತೆಂದು ಲಾಯ್ಡ್ ಕೂಗಿ ಹೇಳಿದ. ಕಾಲು ತೆಗೆದರೂ ಅಲ್ಲೇ ನಿಂತಿತು. ನಿಲ್ಲಿಸಿ ಮತ್ತೆ ಚಾಲೂ ಮಾಡಿಸಿದ. ಬ್ಯಾಟರಿಗೆ ಕರೆಂಟು ತುಂಬಬೇಕಾದ ಆಲ್ಟರ್ನೇಟರು ಮತ್ತೆ ಸತ್ತಂತಿತ್ತು. ಮತ್ತೆ ಗರ್ಜನೆ, ಮತ್ತೆ ಜೀವ. ಗದರಿಸಿದರೆ ಮಾತ್ರ ಏಳುತ್ತದಲ್ಲ ಇದು ಎಂದು ಗೊಣಗುತ್ತ ಅವನು ಆಲ್ಟರ್ನೇಟರಿನ ತೆಳ್ಳನೆಯ ವೈರಿನ ಜಾಡು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಅವಳ ಮೊಣಕಾಲಿನ ಹತ್ತಿರ ಅವನ ನರೆತ ತಲೆ ಬಹಳ ಹೊತ್ತು ಅಲುಗಾಡದೆ ಇತ್ತು. ಆಮೇಲೆ ಆ ತಲೆ ನಗತೊಡಗಿತು.

ಮೂವತ್ತು ವರ್ಷ ಆ ಕಾರಿನಲ್ಲಿದ್ದದ್ದು ಹಳೆಯ ಡೈನಮೋ. ಈ ಚಳಿಗಾಲದಲ್ಲಿ ಅದನ್ನು ತೆಗೆದು ಆಲ್ಟರ್ನೇಟರ್ ಕೂರಿಸಿದ್ದ. ಅದೇ ಚಳಿಗಾಲದಲ್ಲಿ ಡ್ಯಾಶ್‌ಬೋರ್ಡಿನ ತೂತುಗಳನ್ನೆಲ್ಲ ಮುಚ್ಚಿ, ಕಪ್ಪು ಬಣ್ಣ ಬಳಿದು, ಮುಖ ಕಾಣುವ ಹಾಗೆ ಉಜ್ಜಿ ಉಜ್ಜಿ ಹೊಳೆಯಿಸಿದ್ದ. ಚಾರ್ಜ್ ಆಗದಿದ್ದಾಗ ಹತ್ತಿ ಎಚ್ಚರಿಸುವ ಕೆಂಪು ದೀಪ ಅವನಿಗೆ ಮೂಗಿನ ಮೇಲಿನ ಮೊಡವೆಯಂತೆ ಕಂಡಿತ್ತು. ಕಿತ್ತು ಕಾಫಿ ಡಬ್ಬಿಗೆ ಹಾಕಿದ್ದ.

"ಡೈನಮೋಗೆ ಆ ದೀಪ ಬರೀ ಚಾಡಿಕೋರ ಕಣೇ. ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು," ಎಂದ, ನೆಲದ ಮೇಲೆ ಕೂತು ಕೈ ಒರೆಸಿಕೊಳ್ಳುತ್ತ. "ಇದಕ್ಕೆ ಹಾಗಲ್ಲ. ದೀಪದ ಮೂಲಕವೇ ಮೊದಲ ಗುಟುಕು ಕರೆಂಟು ಬರಬೇಕು. ಆಮೇಲೆ ತಾನೇ ಎದ್ದು ಕೊಡುತ್ತೆ. ನಾನು ಮುದುಕ ಹಳೇ ಲೆಕ್ಕದಲ್ಲೇ ಕಿತ್ತುಬಿಟ್ಟೆ."

ಡಬ್ಬಿಯಿಂದ ದೀಪ ತಂದು ವೈರಿಗೆ ಸೇರಿಸಿದ. ಕೀಲಿ ತಿರುಗಿಸಿದಾಗ ಅವನ ಅಂಗೈಯಲ್ಲಿ ಅದು ಕೆಂಪಗೆ ಹೊತ್ತಿತು. ಎಂಜಿನ್ ಚಾಲೂ ಆದೊಡನೆ ಆರಿತು. ಗರ್ಜನೆ ಬೇಕಾಗಲಿಲ್ಲ, ಮೀಟರು ಮೆಲ್ಲಗೆ ಹದಿನಾಲ್ಕಕ್ಕೆ ಏರಿತು. ರೋವೆನಾ ಎಂಜಿನ್ ನಿಲ್ಲಿಸಿದಳು. ದೀಪವನ್ನು ಡ್ಯಾಶ್‌ಬೋರ್ಡಿನ ಹಿಂಬದಿಗೆ ಟೇಪು ಸುತ್ತಿ ಕಟ್ಟಿಬಿಡುತ್ತೇನೆ, ಕೆಲಸವೂ ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದ ಲಾಯ್ಡ್.

ಕಪ್ಪು ಡ್ಯಾಶ್‌ಬೋರ್ಡಿನಲ್ಲಿ ರೋವೆನಾಗೆ ತನ್ನ ಮುಖ ಕಾಣುತ್ತಿತ್ತು. ಸುಕ್ಕಿಲ್ಲ, ನೆರಳಿಲ್ಲ. ಏನೂ ಆಗಿಲ್ಲದ ಮುಖ.

"ಬೇಡ. ತೂತು ಕೊರೆದು ಮುಂದೆ ಹಾಕು."

"ಹುಚ್ಚೇನೇ ನಿಂಗೆ? ಇಡೀ ಚಳಿಗಾಲ ಇದನ್ನು ಉಜ್ಜಿದೀನಿ."

"ಅದು ಹತ್ತಿದರೆ ನನಗೆ ಕಾಣಬೇಕು, ಲಾಯ್ಡ್."

ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕಿಟಕಿ ನೋಡುತ್ತ ಕೂತವಳು ಇವತ್ತು ಮೇಸ್ತ್ರಿಯಾದಳಲ್ಲ ಎಂದು ಅವನು ಛೇಡಿಸಿದ. ಅವಳು ನಗಲಿಲ್ಲ. ಅವನು ಅವಳ ಮುಖ ನೋಡಿ, ಡ್ರಿಲ್ ತಂದ. ಕಪ್ಪು ಬಣ್ಣದ ಸಿಪ್ಪೆ ಅವಳ ಮಡಿಲಿಗೆ ಉದುರಿತು. ದೀಪ ಕೂರಿಸಿ, ಸುತ್ತಲೂ ಬಟ್ಟೆಯಿಂದ ಒರೆಸಿ, ನಾಳೆ ಬೆಳಕು ಹರಿಯುವ ಮೊದಲೇ ಹೊರಡೋಣ, ದಾರಿಯಲ್ಲೇ ತಿಂಡಿ ತಿಂದರಾಯಿತು ಎಂದ.

"ನಾನು ಬರೋಕಾಗಲ್ಲ," ಎಂದಳು ರೋವೆನಾ. "ಸೋಮವಾರ ಆಸ್ಪತ್ರೆಗೆ ಹೋಗಬೇಕು. ಮೊನ್ನೆ ಫೋನ್ ಮಾಡಿದ್ದು ಚರ್ಚಿನವರಲ್ಲ. ಎದೆಯಲ್ಲಿ ಒಂದು ಗಂಟಿದೆಯಂತೆ."

ತನ್ನ ಅಮ್ಮ ಹಾಸಿಗೆ ಹಿಡಿದಾಗ, ತಮ್ಮ ತೀರಿಕೊಂಡಾಗ, ಯಾವ ಕೆಟ್ಟ ಸುದ್ದಿ ಬಂದಾಗಲೂ ಲಾಯ್ಡ್ ಎದ್ದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದ. ಈಗ ಗ್ಯಾರೇಜಿನಲ್ಲೇ ನಿಂತಿದ್ದ. ಡ್ರಿಲ್ಲನ್ನು ಕೆಳಗಿಡಲು ಜಾಗ ಹುಡುಕುವವನಂತೆ ಸುತ್ತ ನೋಡಿದ. ಆಮೇಲೆ ಕಾರನ್ನು ಬಳಸಿ ಬಂದು, ಆಚೆ ಬದಿಯ ಬಾಗಿಲು ತೆರೆದು, ತಾನೆಂದೂ ಕೂತಿರದ ಸೀಟಿನಲ್ಲಿ ಕೂತ. ಅಲ್ಲಿ ಕಾಲು ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ.