ಕೆಂಪಿಯ ಮೆಲುಕು

ನಮ್ಮೂರಲ್ಲಿ ಮಧ್ಯಾಹ್ನದ ತಂಪು ಹಸುಗಳಿಗೆ ಮಾತ್ರ. ಡೇರಿಯವರು ಹಸುವಿಗೆ ಕಟ್ಟಿದ ಕೊರಳಪಟ್ಟಿಗೆ ಮೆಲುಕಿನ ಸದ್ದು ಕೇಳುತ್ತಿರುವಷ್ಟು ಹೊತ್ತು ಕೊಟ್ಟಿಗೆಯಲ್ಲಿ ಫ್ಯಾನು ತಿರುಗುತ್ತದೆ, ತುಂತುರು ನೀರು ಬೀಳುತ್ತದೆ.

ನಮ್ಮ ಹಸು ಕೆಂಪಿ ಹೋದ ಬೇಸಿಗೆಯಲ್ಲೇ ಸತ್ತಳು. ಡೇರಿಯವರಿಗೆ ನಾವು ಹೇಳಲಿಲ್ಲ. ಅವಳ ಪಟ್ಟಿ ಈಗ ನನ್ನ ಅತ್ತೆ ನಿಂಗಾಜಮ್ಮನ ಕೊರಳಲ್ಲಿದೆ. ಅತ್ತೆ ಕೊಟ್ಟಿಗೆಯಲ್ಲಿ ಕೂತು ಎಲೆಅಡಿಕೆ ಅಗಿಯುತ್ತಲೇ ಇರುತ್ತಾರೆ. ಪಟ್ಟಿಗೆ ಅಷ್ಟು ಸಾಕು.

ಇವತ್ತು ಎಲೆ ಮುಗಿದಿತ್ತೆಂದು ಅತ್ತೆ ನನಗೆ ಹೇಳದೆ ಬಿಸಿಲಲ್ಲೇ ಅಂಗಡಿಗೆ ಹೋಗಿ ಬಂದರು. ಬಂದು ಕೂತು ಎಲೆ ಹಾಕಿಕೊಂಡಾಗ ತಿರುಗಿದ ಫ್ಯಾನು ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು.

"ಕೆಂಪಿ ಮೆಲುಕು ಹಾಕುತ್ತಿಲ್ಲ," ಎಂದಿತು ಡೇರಿಯವರು ಗೋಡೆಗೆ ಹಾಕಿದ ಮಾತಾಡುವ ಪೆಟ್ಟಿಗೆ. "ಡಾಕ್ಟರನ್ನು ಕಳಿಸಲೇ?"

ಅತ್ತೆಯ ಕೆನ್ನೆಯೊಳಗೆ ಎಲೆ ಹಾಗೇ ಇತ್ತು.

"ಅಗೀರಿ ಅತ್ತೆ, ನಿಲ್ಲಿಸ್ಬೇಡಿ."

"ಕೆಂಪಿ ಅಂದ್ರೆ ನಾನೇನವ್ವ?"

"ಅಲ್ಲ, ನೀವು ನಿಂಗಾಜಮ್ಮ."

"ಮತ್ತೆ ನೀನ್ಯಾರು?"

ಹಣೆ ಮುಟ್ಟಿದೆ, ಸುಡುತ್ತಿತ್ತು. ಈ ಹೊತ್ತಿನಲ್ಲಿ ಮನುಷ್ಯರನ್ನು ನೋಡಲು ಯಾವ ಡಾಕ್ಟರೂ ಮನೆಗೆ ಬರುವುದಿಲ್ಲ. ಹಸುವಿನ ಡಾಕ್ಟರು ಬರುತ್ತಾರೆ, ಆದರೆ ಬಂದವರು ಪಟ್ಟಿ ಬಿಚ್ಚಿಕೊಂಡು ಹೋಗುತ್ತಾರೆ.

"ಕೆಂಪಿಗೆ ಏನಾಗಿದೆ?" ಪೆಟ್ಟಿಗೆ ಮತ್ತೆ ಕೇಳಿತು.

ಒದ್ದೆ ಸೆರಗನ್ನು ಅತ್ತೆಯ ಹಣೆಯ ಮೇಲಿಟ್ಟೆ.

"ಮನೆಯವರ ಗುರುತು ಹಿಡೀತಿಲ್ಲ," ಎಂದೆ. "ಬೇಗ ಬರೋಕೆ ಹೇಳಿ."