ಬೆಕ್ಕಿನ ಮರಿಗಳ ಅವ್ವ

ಮಗ್ಗದ ಎಣ್ಣೆಯ ವಾಸನೆ ಬಂದರೆ ಈಗಲೂ ಬನಹಟ್ಟಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಾಮಾನ ಮನೆಯಲ್ಲಿ ಕರೆಂಟ್ ಮಗ್ಗಗಳ ಸದ್ದಿಗೆ ಟಿವಿಯ ಮಾತು ಕೇಳುತ್ತಿರಲಿಲ್ಲ. ಕಾರ್ಟೂನ್ ಬೆಕ್ಕಿನ ಬಳಗವನ್ನೆಲ್ಲ ಅವ್ವನ ತಾಯಿ ಆಯಿಯೇ ನನ್ನ ಕಿವಿಯಲ್ಲಿ ಕೂಗಿ ಪರಿಚಯಿಸುತ್ತಿದ್ದಳು.

“ಟೊಪಗಿ ಹಾಕ್ಕೊಂಡಾಂವ ಮಾಮಾ. ಆ ಕಾಗಿ ಅವನ ದೋಸ್ತ. ಮರಿಗೋಳು ಅವನ ಅಕ್ಕನ ಮಕ್ಕಳು.”

“ಮತ್ತ ಅವರವ್ವ ಎಲ್ಲಿ ಅದಾಳ, ಆಯಿ?” ಎಂದು ನಾನೂ ಕೂಗಿದೆ.

ಆಯಿ ನಕ್ಕು, ಆಚೆ ತಿರುಗಿ, ಮಾಮಾನ ಹೆಂಡತಿಯ ಕಿವಿಗೆ ಬಾಯಿ ಇಟ್ಟಳು. ಅಷ್ಟರಲ್ಲಿ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತುಬಿಟ್ಟವು. ಆಯಿಯ ಕೂಗು ಮಾತ್ರ ನಿಲ್ಲಲಿಲ್ಲ.

“ಇಕಿ ಅವ್ವನಂಗ ಅಕಿನೂ ಯಾರ ಜೋಡಿನೋ ಓಡಿ ಹೋಗಿರಬೇಕ!”

ಓಣಿಗೆಲ್ಲ ಕೇಳಿಸಿತು. ಮಾಮಾನ ಕೈಯಲ್ಲಿದ್ದ ನೂಲಿನ ಲಾಳಿ ಕೆಳಗೆ ಬಿತ್ತು. ನಾನು ಗೋಡೆಯತ್ತ ನೋಡಿದೆ. ಅಲ್ಲಿದ್ದ ಅವ್ವನ ಫೋಟೋಕ್ಕೆ ಆಯಿ ಮುಂಜಾನೆಯಷ್ಟೇ ಹೊಸ ಮಾಲೆ ಹಾಕಿ, ನನ್ನಿಂದ ಕೈ ಮುಗಿಸಿದ್ದಳು.