ನಂದಿಬಟ್ಟಲು ಗಿಡದ ಕಾವಲು

ಹೂಬುಟ್ಟಿ ಹಿಡಿದು ಚೂಡಾಮಣಿ ಅಂಗಳಕ್ಕೆ ಬಂದರೆ ನಂದಿಬಟ್ಟಲು ಗಿಡ ಇವತ್ತೂ ಬೋಳು. ಒಂದು ರೆಂಬೆಯೂ ಮುರಿದಿರಲಿಲ್ಲ, ನಾಜೂಕಿನ ಕೈ. ಕುವೆಂಪುನಗರದಲ್ಲಿ ವಾಕಿಂಗ್ ಹೊರಟವರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇರುವುದು, ಕಾಂಪೌಂಡಿನಾಚೆ ಬಗ್ಗಿದ ಹೂವೆಲ್ಲ ತಮ್ಮದೇ ಅಂದುಕೊಳ್ಳುವುದು ಹೊಸದೇನಲ್ಲ. ಆದರೆ ಇದು ಗೇಟಿನ ಒಳಗಿನ ಗಿಡ! ಮೊನ್ನೆ ಅರಿಶಿನ ಕುಂಕುಮಕ್ಕೆ ಹೋದಾಗ ಎದುರು ಮನೆ ಪಂಕಜಾಳ ದೇವರ ಪಟಗಳ ಮೇಲೆಲ್ಲ ನಂದಿಬಟ್ಟಲೇ ಇತ್ತು. ಅವಳ ಅಂಗಳದಲ್ಲಿ ತುಳಸಿ ಬಿಟ್ಟರೆ ಹಸಿರೇ ಇಲ್ಲ.

"ಹೋಗ್ಲಿ ಬಿಡೇ, ದೇವರ ತಲೆ ಮೇಲೆ ತಾನೆ ಹೋಗೋದು" ಅಂದರು ಗಂಡ ಅನಂತಪದ್ಮನಾಭ, ಪೇಪರಿನಿಂದ ಕಣ್ಣೆತ್ತದೆ.

"ಯಾರ ಮನೆ ದೇವರು ಅಂತ ಗೊತ್ತಾಗಬೇಕಲ್ಲ!"

ಅಮ್ಮನ ಗೊಣಗಾಟ ತಾಳಲಾರದೆ, ಎಂಜಿನಿಯರಿಂಗ್ ಓದುವ ಮಗಳು ಸಮನ್ವಿತಾ ಬೆಂಕಿಪೊಟ್ಟಣದಷ್ಟು ದೊಡ್ಡ ಎಲೆಕ್ಟ್ರಾನಿಕ್ ಬೋರ್ಡೊಂದನ್ನು ತಂದು ಗಿಡದ ಬುಡಕ್ಕೆ ಕಟ್ಟಿದಳು.

"ಯಾರಾದ್ರೂ ಹತ್ರ ಬಂದ್ರೆ ಇದಕ್ಕೆ ಗೊತ್ತಾಗತ್ತಮ್ಮ. ತಕ್ಷಣ ವೈಫೈನಲ್ಲೇ ಪೋರ್ಟಿಕೋ ಕ್ಯಾಮೆರಾಗೆ ರಿಕ್ವೆಸ್ಟ್ ಕಳ್ಸತ್ತೆ, ಗಿಡದ ಕಡೆ ತಿರುಗು, ಫೋಟೋ ತೆಗಿ ಅಂತ. ನಾವು ಮೊಬೈಲಲ್ಲಿ ವೆಬ್‌ಸೈಟ್ ತೆಗೀತೀವಲ್ಲ, ಅದೇ ಥರ. ಫೋಟೋ ನಿನ್ನ ಫೋನಿಗೇ ಬರತ್ತೆ."

"ಕೇಳಿದ ತಕ್ಷಣ ತಿರುಗತ್ತಾ? ನಿಮ್ಮಪ್ಪ ಒಂದಿನಾನೂ ಹಾಗೆ ತಿರುಗಿದ್ದು ನಾ ಕಾಣೆ ಕಣೇ! ಅವರಿಗೆ ಮಾತ್ರ ಹೇಳಬೇಡ. ಅವರ ಬಾಯಲ್ಲಿ ಮಾತು ನಿಲ್ಲಲ್ಲ."

ಮರುದಿನ ಬೆಳಿಗ್ಗೆ ಚೂಡಾಮಣಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಫೋನಿನಲ್ಲಿ ಮೂರು ಫೋಟೋ ಬಂದು ಕೂತಿದ್ದವು. ಮೊದಲನೆಯದರಲ್ಲಿ, ಗೇಟಿನ ಹೊರಗೆ ಕವರ್ ಹಿಡಿದು ನಿಂತ ಪಂಕಜಾ. ಸಿಕ್ಕಿಬಿದ್ದಳು! ಚೂಡಾಮಣಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎರಡನೆಯದರಲ್ಲೂ ಪಂಕಜಾ ಹೊರಗೇ ಇದ್ದಳು. ಒಳಗೆ ರೆಂಬೆ ಬಗ್ಗಿಸಿದ್ದು ಬೇರೆ ಯಾರದೋ ಕೈ. ಮೂರನೆಯದರಲ್ಲಿ ಬನಿಯನ್ ತೊಟ್ಟ ಅನಂತಪದ್ಮನಾಭ ಬೊಗಸೆ ತುಂಬ ಹೂವನ್ನು ಆ ಕವರಿಗೆ ಸುರಿಯುತ್ತ ನಗುತ್ತಿದ್ದರು. ಪಂಕಜಾ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಗಂಡ ತನಗೆಂದು ಯಾವತ್ತಾದರೂ ಒಂದು ಹೂವು ಕಿತ್ತುಕೊಟ್ಟದ್ದು ಚೂಡಾಮಣಿಗೆ ನೆನಪಾಗಲಿಲ್ಲ. ಆದರೂ ಸಮಾಧಾನ ತಂದುಕೊಂಡಳು. ಹೂವು ಕೇಳಿದರು, ಕೊಟ್ಟೆ ಅಂತ ಅವರೇ ಅಂದುಬಿಟ್ಟರೆ ಮುಗಿಯಿತಲ್ಲ! ಅಷ್ಟು ಅಂದರೆ ಸಾಕು ಎಂದುಕೊಂಡೇ ಕಾಫಿ ಲೋಟ ಅವರ ಮುಂದಿಟ್ಟಳು.

"ರೀ, ಬೆಳಿಗ್ಗೆ ಹಾಲಿಗೆ ಹೋದಾಗ ಗೇಟ್ ಹತ್ರ ಯಾರನ್ನಾದ್ರೂ ನೋಡಿದ್ರಾ?"

"ಯಾರೂ ಇರ್ಲಿಲ್ವಲ್ಲೇ" ಅಂದರು ಅವರು, ಕಾಫಿ ಹೀರುತ್ತ. "ಒಂದು ನಾಯಿ ಕೂಡ ಇರ್ಲಿಲ್ಲ."

ಚೂಡಾಮಣಿ ಮಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ಕಳ್ಳಿ ಸಿಕ್ಕಿದ್ಲಾ ಅಮ್ಮ?" ಸಮನ್ವಿತಾ ಹೊದಿಕೆಯೊಳಗಿಂದಲೇ ಕೇಳಿದಳು.

"ಹೂವಿನ ಮಾತು ಬಿಡು" ಅಂದಳು ಚೂಡಾಮಣಿ, ದನಿ ತಗ್ಗಿಸಿ. "ಆ ಕ್ಯಾಮೆರಾಗೆ ಮಾತೂ ಕೇಳಿಸೋ ಹಾಗೆ ಮಾಡಕ್ಕಾಗಲ್ವೇನೇ?"